ಬನಶಂಕರಿಯ ಬುಟ್ಟಿ ಊಟ: ಬಾದಾಮಿಗೆ ಬಂದವರ ದುಡ್ಡು ಊರಲ್ಲೇ ಉಳಿಯುವ ಜಾಗ

ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರದ ಚೊಳಚಗುಡ್ಡದಲ್ಲಿ ಬನಶಂಕರಿ ಗುಡಿ ಇದೆ. ಅದರ ಮುಂದಿನ ಹರಿದ್ರಾತೀರ್ಥ ಎಂಬ ದೊಡ್ಡ ಹೊಂಡದ ಆಸುಪಾಸಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಹೆಣ್ಣುಮಕ್ಕಳು ಬಂದವರಿಗೆ ಜೋಳದ ರೊಟ್ಟಿ ಊಟ ಬಡಿಸುತ್ತಾರೆ. ಈ ಊಟಕ್ಕೆ ಬೋರ್ಡಿಲ್ಲ, ಮೆನು ಇಲ್ಲ, ಕುರ್ಚಿ ಮೇಜುಗಳಿಲ್ಲ. ಆದರೂ ಬಾಗಲಕೋಟೆ ಜಿಲ್ಲೆಯ ಪ್ರವಾಸಿ ತಾಣಗಳಲ್ಲಿ ಸಿಗುವ ಸೇವೆಗಳ ಪೈಕಿ ಇದಕ್ಕೇ ನಾನು ಮೊದಲ ಸ್ಥಾನ ಕೊಡುತ್ತೇನೆ. ರುಚಿ ಅದಕ್ಕೆ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಚಾಲುಕ್ಯರ ನಾಡನ್ನು ನೋಡಲು ಬರುವವರು ದಿನವೊಂದಕ್ಕೆ ಮಾಡುವ ಖರ್ಚಿನಲ್ಲಿ ಎಷ್ಟು ಪಾಲು ಈ ನೆಲದಲ್ಲೇ ಉಳಿಯುತ್ತದೆ ಎಂದು ಲೆಕ್ಕ ಹಾಕುತ್ತ ಹೋದರೆ, ಬುಟ್ಟಿಯ ಮುಂದೆ ಕೂತು ಕೊಟ್ಟ ಹಣದಷ್ಟು ಪೂರ್ತಿಯಾಗಿ ಇಲ್ಲೇ ಉಳಿಯುವ ಖರ್ಚು ಬೇರೊಂದು ಕಾಣುವುದಿಲ್ಲ.

ಮೊದಲು ಊಟದ ವಿಷಯ. ರೊಟ್ಟಿ ಎರಡು ಬಗೆಯದು. ಬೆಳಗಿನ ಜಾವ ಬಡಿದು, ಬಿಳಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯ ತಳದಲ್ಲಿಟ್ಟ ಮೆತ್ತನೆಯ ರೊಟ್ಟಿ ಒಂದು. ಎಳ್ಳು ಹಚ್ಚಿ ಬಡಿದು ಒಣಗಿಸಿದ ಖಡಕ್ ರೊಟ್ಟಿ ಇನ್ನೊಂದು. ಚಳಿಗಾಲದಲ್ಲಿ ಕೆಲವರ ಬುಟ್ಟಿಯಲ್ಲಿ ಸಜ್ಜಿ ರೊಟ್ಟಿಯೂ ಸಿಗುತ್ತದೆ. ಜೊತೆಗೆ ಬದನೆಕಾಯಿ ಎಣ್ಣೆಗಾಯಿ, ಮೊಳಕೆ ಬಂದ ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ, ಕೆಂಪು ಮೆಣಸಿನಕಾಯಿಯ ಖಾರ ಮತ್ತು ಗಡಿಗೆಯಲ್ಲಿ ಹೆಪ್ಪು ಹಾಕಿದ ಕೆನೆಮೊಸರು ಇರುತ್ತವೆ. ಬಡಿಸುವ ಕ್ರಮಕ್ಕೂ ಒಂದು ಹದವಿದೆ. ಅಜ್ಜಿಯೊಬ್ಬರು ನನ್ನ ರೊಟ್ಟಿಯ ಒಂದು ಅಂಚಿಗೆ ಎಣ್ಣೆಗಾಯಿ, ಎದುರಿನ ಅಂಚಿಗೆ ಕಾಳುಪಲ್ಯ ಹಾಕಿ, ನಡುವೆ ಶೇಂಗಾ ಹಿಂಡಿಯನ್ನು ಗುಡ್ಡೆ ಮಾಡಿ, ಅದರ ನೆತ್ತಿಯನ್ನು ಹೆಬ್ಬೆರಳಿನಿಂದ ಒತ್ತಿ ಕುಳಿ ಮಾಡಿ, ಆ ಕುಳಿಯೊಳಗೆ ಮೊಸರು ಸುರಿದರು. ಹಾಗೆ ಹಾಕಿದರೆ ಮೊಸರು ಪಲ್ಯದತ್ತ ಹರಿಯುವುದಿಲ್ಲ, ಹಿಂಡಿಯೂ ಒಣಗಿ ಗಂಟಲಿಗೆ ಹತ್ತುವುದಿಲ್ಲ. ಎರಡನೆಯ ರೊಟ್ಟಿಗೆ ನಾನು ಕೈ ಅಡ್ಡ ಹಿಡಿದಾಗ, "ಒಂದ್ರೊಟ್ಟಿ ತಿಂದು ಗುಡ್ಡಾ ಹೆಂಗ ಹತ್ತತೀರಿ, ಇನ್ನರ್ಧಾ ಹಾಕತೀನಿ ತಗೋರಿ" ಎನ್ನುತ್ತ ಅವರು ಪೂರ್ತಿ ಒಂದನ್ನೇ ಹಾಕಿದರು.

ಜೋಳದ ಹಿಟ್ಟಿಗೆ ಗೋಧಿಗಿರುವ ಜಿಗುಟು ಇಲ್ಲ. ಕುದಿಯುವ ಎಸರು ಹಾಕಿ ನಾದಿ, ಅಂಗೈಯಿಂದ ತಟ್ಟುತ್ತ ತಟ್ಟುತ್ತ ಅದನ್ನು ತೆಳ್ಳಗೆ ಹರಡಬೇಕು. ಹಂಚಿನ ಮೇಲೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಹಿಟ್ಟು ಹಳೆಯದಾಗಿದ್ದರೆ ರೊಟ್ಟಿಯ ಅಂಚು ಸೀಳುತ್ತದೆ. ನಾನು ತಿಂದ ರೊಟ್ಟಿಯ ಅಂಚು ಒಂದು ಕಡೆಯೂ ಸೀಳಿರಲಿಲ್ಲ. ಗಿರಣಿಯಿಂದ ಹಿಟ್ಟು ಬಂದು ಹೆಚ್ಚು ದಿನವಾಗಿಲ್ಲ ಎಂಬುದು ಅದರಿಂದಲೇ ತಿಳಿಯುತ್ತಿತ್ತು. ಎಣ್ಣೆಗಾಯಿಯಲ್ಲಿ ಶೇಂಗಾ ಮತ್ತು ಎಳ್ಳಿನ ಪುಡಿ ಧಾರಾಳವಾಗಿತ್ತು, ಬದನೆ ಎಳೆಯದಾಗಿತ್ತು. ಖಾರ ಮಾತ್ರ ದಕ್ಷಿಣದವರಿಗೆ ಹೆಚ್ಚೆನಿಸಬಹುದು, ಅಂಥವರು ಮೊದಲೇ ಹೇಳುವುದು ಒಳ್ಳೆಯದು. ಒಬ್ಬರಿಗೆ 60 ರೂಪಾಯಿ ತೆಗೆದುಕೊಂಡರು. ಮೊಸರನ್ನು ಎರಡನೆಯ ಸಲ ಕೇಳಿದ್ದಕ್ಕೆ ಬೇರೆ ದುಡ್ಡು ಹಿಡಿಯಲಿಲ್ಲ.

ಈ 60 ರೂಪಾಯಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ನೋಡಿದೆ. ಜೋಳ ಅವರ ಮನೆಯ ಹೊಲದ್ದು, ಇಲ್ಲದಿದ್ದರೆ ಊರಿನದೇ ಹಿಂಗಾರಿ ಬೆಳೆ. ಬೀಸುವುದು ಊರಿನ ಗಿರಣಿಯಲ್ಲಿ. ಬದನೆಕಾಯಿ, ಉಳ್ಳಾಗಡ್ಡಿ ಸಂತೆಯಿಂದ ಬರುತ್ತವೆ. ಹಾಲು ಮನೆಯ ಎಮ್ಮೆಯದು. ಒಲೆಗೆ ಕಟ್ಟಿಗೆ, ಹೊಲದ ಹತ್ತಿಕಟ್ಟಿಗೆಯೂ ಸೇರಿದಂತೆ. ಗಡಿಗೆ ಕುಂಬಾರರಿಂದ ಕೊಂಡದ್ದು. ಎಣ್ಣೆ, ಉಪ್ಪು ಮತ್ತು ಕಾಗದದ ತಟ್ಟೆ ಬಿಟ್ಟರೆ ತಾಲ್ಲೂಕಿನ ಹೊರಗಿನಿಂದ ಬರುವ ಸಾಮಾನು ಬಹಳ ಇಲ್ಲ. ದುಡಿಮೆ ಪೂರ್ತಿ ಅವರದೇ, ಮಗಳೋ ಸೊಸೆಯೋ ಕೈಜೋಡಿಸುತ್ತಾರೆ. ಸಂಜೆ ಬುಟ್ಟಿ ಖಾಲಿಯಾದ ಮೇಲೆ ಉಳಿದ ಹಣ ಮರುದಿನದ ಸಂತೆಗೆ, ಮಕ್ಕಳ ಫೀಸಿಗೆ, ಸಂಘದ ಕಂತಿಗೆ ಹೋಗುತ್ತದೆ. ಅಂದರೆ ಅದೇ ಹಣ ಊರಿನೊಳಗೆ ಇನ್ನೆರಡು ಕೈ ಬದಲಾಯಿಸಿದ ನಂತರವೇ ಹೊರಗೆ ಹೋಗುತ್ತದೆ. ಪ್ರವಾಸೋದ್ಯಮದಿಂದ ಒಂದು ಪ್ರದೇಶದ ಆರ್ಥಿಕತೆ ಬೆಳೆಯುತ್ತದೆ ಎಂದು ಹೇಳುವಾಗ ಅರ್ಥಶಾಸ್ತ್ರಜ್ಞರು ಅಳೆಯಲು ಹೊರಡುವುದು ಹಣದ ಈ ಮರುಸುತ್ತನ್ನೇ. ಬಂದ ಜನರ ತಲೆ ಎಣಿಸಿದ ಮಾತ್ರಕ್ಕೆ ಅದು ಸಿಗುವುದಿಲ್ಲ.

ಪ್ರವಾಸಿಗರ ಇತರ ಖರ್ಚುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬಾದಾಮಿಯ ಮೇಣಬಸದಿಗಳಿಗೆ, ಅಂದರೆ ಬಂಡೆ ಕೊರೆದು ಮಾಡಿದ ಗುಹಾಗುಡಿಗಳಿಗೆ, ಭಾರತೀಯರು 25 ರೂಪಾಯಿ, ವಿದೇಶಿಯರು 300 ರೂಪಾಯಿ ಕೊಟ್ಟು ಟಿಕೆಟ್ ಪಡೆಯುತ್ತಾರೆ. 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನಲ್ಲಿ ಅದು 40 ಮತ್ತು 600 ರೂಪಾಯಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಸ್ಮಾರಕಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಈ ಹಣ ಕೇಂದ್ರದ ಬೊಕ್ಕಸ ಸೇರುತ್ತದೆ. ಸ್ಮಾರಕಗಳ ದುರಸ್ತಿ, ಕಾವಲು, ಹುಲ್ಲುಹಾಸು, ಇವಕ್ಕೆ ಇಲಾಖೆ ಖರ್ಚು ಮಾಡುತ್ತದೆ ಮತ್ತು ಅದು ಆಗಲೇಬೇಕಾದ ಕೆಲಸ. ಆದರೆ ಪ್ರವಾಸಿಗರ ಬಸ್ಸುಗಳು ಓಡಾಡುವ ರಸ್ತೆ, ಅವರು ಬಿಟ್ಟು ಹೋಗುವ ಕಸ, ಅವರಿಗೆ ಬೇಕಾದ ಶೌಚಾಲಯ ಮತ್ತು ಕುಡಿಯುವ ನೀರು, ಇವೆಲ್ಲದರ ಭಾರ ಬೀಳುವುದು ಬಾದಾಮಿಯ ಪುರಸಭೆ ಮತ್ತು ಪಟ್ಟದಕಲ್ಲು, ಐಹೊಳೆಗಳ ಗ್ರಾಮ ಪಂಚಾಯಿತಿಗಳ ಮೇಲೆ. ಟಿಕೆಟ್ಟಿನ ಕಿಟಕಿಗೂ ಪಂಚಾಯಿತಿಯ ಲೆಕ್ಕಪುಸ್ತಕಕ್ಕೂ ನಡುವೆ ನೇರ ದಾರಿ ಇಲ್ಲ.

ವಾಹನದ ಬಾಡಿಗೆ ಇನ್ನೂ ದೊಡ್ಡ ಮೊತ್ತ. ಹುಬ್ಬಳ್ಳಿಯಿಂದ ಬೆಳಗ್ಗೆ ಕಾರು ಹಿಡಿದು ಬಂದವರು ಬಾದಾಮಿಯಲ್ಲಿ ಎರಡು ತಾಸು, ಪಟ್ಟದಕಲ್ಲಿನಲ್ಲಿ ಒಂದು ತಾಸು, ಐಹೊಳೆಯ ದುರ್ಗ ಗುಡಿಯ ಮುಂದೆ ಅರ್ಧ ತಾಸು ಕಳೆದು, ರಾತ್ರಿಯೊಳಗೆ ಹಿಂದಿರುಗುತ್ತಾರೆ. ಬಾಡಿಗೆ, ಡೀಸೆಲ್ಲು, ರಾತ್ರಿಯ ಊಟ, ಕೋಣೆ, ಎಲ್ಲವೂ ಹುಬ್ಬಳ್ಳಿಯ ಲೆಕ್ಕಕ್ಕೆ ಹೋಗುತ್ತವೆ. ಐಷಾರಾಮಿ ರೈಲಿನಲ್ಲಿ ಬಂದವರ ವಿಷಯದಲ್ಲಂತೂ ಊಟವೂ ಹಾಸಿಗೆಯೂ ರೈಲಿನೊಳಗೇ ಇರುತ್ತವೆ. ಅವರು ಕೆಳಗಿಳಿದು ಕಲ್ಲು ನೋಡಿ ಮತ್ತೆ ಹತ್ತುತ್ತಾರೆ. ಹೀಗೆ ಬಂದವರ ಸಂಖ್ಯೆ ಅಂಕಿಅಂಶಗಳ ಪುಸ್ತಕದಲ್ಲಿ ಬಾದಾಮಿಯ ಹೆಸರಿನ ಮುಂದೆ ಸೇರುತ್ತದೆ, ಅವರ ಹಣ ಮಾತ್ರ ಬಾದಾಮಿಯ ಅಂಗಡಿಗಳ ಗಲ್ಲಾಪೆಟ್ಟಿಗೆಯಲ್ಲಿ ಕಾಣುವುದಿಲ್ಲ.

ಬನಶಂಕರಿಯ ರೊಟ್ಟಿ ವ್ಯಾಪಾರವನ್ನು ಯಾವ ಇಲಾಖೆಯೂ ಯೋಜನೆ ಹಾಕಿ ಹುಟ್ಟಿಸಿದ್ದಲ್ಲ. ಅದು ಯಾತ್ರೆಯಿಂದ ಬೆಳೆದದ್ದು. ಬನಶಂಕರಿ ದೇವಾಂಗ ನೇಕಾರರೂ ಸೇರಿದಂತೆ ಕರ್ನಾಟಕ, ಮಹಾರಾಷ್ಟ್ರಗಳ ಅಸಂಖ್ಯ ಮನೆತನಗಳ ಕುಲದೇವತೆ. ಮದುವೆ, ಜವಳ, ಹರಕೆ ಎಂದು ಜನ ವರ್ಷವಿಡೀ ಬರುತ್ತಾರೆ. ದೂರದಿಂದ ಬಂದವರಿಗೆ ಹಸಿವಾಗುತ್ತದೆ, ಹತ್ತಿರದ ಊರಿನ ಹೆಣ್ಣುಮಕ್ಕಳ ಕೈಯಲ್ಲಿ ರೊಟ್ಟಿ ಇದೆ. ಈ ವ್ಯಾಪಾರದ ಮೂಲ ಇಷ್ಟು ಸರಳ. ದೇವಿಯೂ ಶಾಕಾಂಬರಿ, ಅಂದರೆ ಸೊಪ್ಪು ತರಕಾರಿಗಳ ತಾಯಿ. ಜಾತ್ರೆಗೆ ಮುನ್ನ ನಡೆಯುವ ಪಲ್ಯದ ಹಬ್ಬದಲ್ಲಿ 108 ಬಗೆಯ ಪಲ್ಯ ಮಾಡಿ ಅವಳಿಗೆ ನೈವೇದ್ಯ ಹಿಡಿಯುತ್ತಾರೆ. ಆ ಗುಡಿಯ ಮುಂದೆ ಪಲ್ಯ ರೊಟ್ಟಿ ಮಾರುವುದು ಅಲ್ಲಿನವರಿಗೆ ಬರಿಯ ವ್ಯಾಪಾರವೆನಿಸದಿರುವುದು ಸಹಜವೇ.

ಪುಷ್ಯ ಮಾಸದ ಬನದ ಹುಣ್ಣಿಮೆಯಂದು ತೇರು ಎಳೆದ ಮೇಲೂ ವಾರಗಟ್ಟಲೆ ನಡೆಯುವ ಜಾತ್ರೆಯಲ್ಲಿ ಈ ಆರ್ಥಿಕತೆ ಹಲವು ಪಟ್ಟು ಹಿಗ್ಗುತ್ತದೆ. ಮರದ ಬಾಗಿಲು ಚೌಕಟ್ಟುಗಳ ಅಂಗಡಿ, ಬಳೆ, ಬೆಂಡು ಬತ್ತಾಸು, ಹಾಸಿಗೆ, ಕಬ್ಬಿಣದ ಸಾಮಾನು, ಇವುಗಳ ಜೊತೆಗೆ ವೃತ್ತಿ ರಂಗಭೂಮಿಯ ನಾಟಕ ಕಂಪನಿಗಳು ತಗಡಿನ ಥಿಯೇಟರ್ ಕಟ್ಟಿ ರಾತ್ರಿಯಿಡೀ ಆಟ ಆಡುತ್ತವೆ. ಕಂಪನಿಗಳ ಪಾಲಿಗೆ ಇದು ವರ್ಷದ ದೊಡ್ಡ ಗಳಿಕೆಯ ಕಾಲ. ಕೋವಿಡ್ ಕಾಲದಲ್ಲಿ ಜಾತ್ರೆ ನಿಂತಾಗ ಪೆಟ್ಟು ಬಿದ್ದದ್ದು ಗುಡಿಯ ಹುಂಡಿಗಷ್ಟೇ ಅಲ್ಲ, ಕಲಾವಿದರ ಇಡೀ ವರ್ಷದ ಸಂಬಳಕ್ಕೆ ಬಿತ್ತು. ಪರಂಪರೆ ಎಂದರೆ ಆರನೆಯ ಶತಮಾನದ ಕಲ್ಲು ಮಾತ್ರ ಎಂದುಕೊಂಡು ಲೆಕ್ಕ ಬರೆಯುವವರು ಈ ಜಾತ್ರೆಯನ್ನೂ ಈ ನಾಟಕಗಳನ್ನೂ ಲೆಕ್ಕದಿಂದ ಹೊರಗಿಟ್ಟುಬಿಡುತ್ತಾರೆ, ಆಗ ಬಾದಾಮಿ ಸೀಮೆಯ ಪ್ರವಾಸಿ ಆದಾಯದ ಬಹುಭಾಗವೇ ಕೈಬಿಟ್ಟು ಹೋಗುತ್ತದೆ ಎಂಬುದು ನನ್ನ ಬಲವಾದ ಅಭಿಪ್ರಾಯ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದು ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಸಿಕ್ಕ ಮೇಲೆ, ಕ್ಷೇತ್ರಗಳಿಗೆ ಗುಂಪಾಗಿ ಬರುವ ಹೆಂಗಸರು ಹೆಚ್ಚಿದ್ದಾರೆ. ರೊಟ್ಟಿ ಮಾರುವವರೂ ಅದನ್ನು ಹೇಳುತ್ತಾರೆ. ಬಸ್ ಚಾರ್ಜಿನಲ್ಲಿ ಉಳಿದ ದುಡ್ಡು ಇಲ್ಲಿ ಊಟಕ್ಕೆ, ಬಳೆಗೆ, ಕುಂಕುಮಕ್ಕೆ ಖರ್ಚಾಗುತ್ತದೆ. ಪ್ರವಾಸಿ ಸಹಾಯಧನ ಯಾರ ಕೈಗೆ ಹೋದರೆ ಊರಿಗೆ ಹೆಚ್ಚು ಉಪಯೋಗ ಎಂದು ಯೋಚಿಸುವವರು ಬನಶಂಕರಿಯ ಬಸ್ ನಿಲ್ದಾಣದಲ್ಲಿ ಒಂದು ಮಂಗಳವಾರ ನಿಂತು ನೋಡಬೇಕು.

ಇನ್ನು ಕೊರತೆಗಳ ಬಗ್ಗೆ. ಊಟ ಚೆನ್ನಾಗಿದೆ ಎಂಬ ಕಾರಣಕ್ಕೆ ಅವನ್ನು ಮುಚ್ಚಿಡುವುದು ಸರಿಯಲ್ಲ. ಕೈ ತೊಳೆಯಲು ಹತ್ತಿರದಲ್ಲಿ ನಲ್ಲಿ ಇರಲಿಲ್ಲ, ಅಜ್ಜಿಯೇ ತಂಬಿಗೆಯಿಂದ ನೀರು ಹಾಕಿದರು. ತಿಂದು ಬಿಟ್ಟ ಕಾಗದದ ತಟ್ಟೆಗಳಿಗೆ ಬುಟ್ಟಿಯೊಂದೂ ಇಲ್ಲದೆ ಅವು ಮರದ ಬುಡದಲ್ಲಿ ರಾಶಿ ಬಿದ್ದಿದ್ದವು. ಹಿಂದೆ ರೊಟ್ಟಿಯನ್ನು ಕೈಮೇಲೆಯೇ ಹಾಕಿಕೊಡುತ್ತಿದ್ದಾಗ ಈ ತೊಂದರೆ ಇರಲಿಲ್ಲವೆಂದು ಪಕ್ಕದಲ್ಲಿ ಊಟ ಮಾಡುತ್ತಿದ್ದ ಹಿರಿಯರೊಬ್ಬರು ಹೇಳಿದರು. ಬಸ್ಸು ಬಂದು ನಿಂತ ಕೂಡಲೇ ನಾಲ್ಕೈದು ಮಂದಿ ಒಟ್ಟಿಗೆ ಸುತ್ತುವರಿದು ಕರೆಯುವುದರಿಂದ ಹೊಸಬರು ಗಲಿಬಿಲಿಗೊಳ್ಳುತ್ತಾರೆ. ದರವನ್ನು ಕೇಳದೆ ಕೂತವರಿಗೆ ಕೊನೆಯಲ್ಲಿ ಬೇರೆ ಬೇರೆ ಮೊತ್ತ ಹೇಳುವುದೂ ಉಂಟು. ಮಳೆ ಬಂದರೆ ಕೂರಲು ಜಾಗವಿಲ್ಲ, ಬೇಸಗೆಯ ಮಧ್ಯಾಹ್ನ ನೆರಳು ಸಾಲುವುದಿಲ್ಲ. ಇವುಗಳಲ್ಲಿ ದರದ ವಿಷಯವೊಂದನ್ನು ಬಿಟ್ಟರೆ ಉಳಿದವೆಲ್ಲ ಬುಟ್ಟಿ ಹೊತ್ತವರ ತಪ್ಪಲ್ಲ. ಒಂದು ಚಪ್ಪರ, ಎರಡು ನಲ್ಲಿ, ಕಸದ ಡಬ್ಬಿ, ಹತ್ತಿರದಲ್ಲೊಂದು ಶೌಚಾಲಯ ಇದ್ದರೆ ಸಾಕು. ದಿನವಿಡೀ ಅಲ್ಲೇ ಕೂತು ದುಡಿಯುವ ಹೆಂಗಸರಿಗೆ ಶೌಚಾಲಯದ ಅಗತ್ಯ ಪ್ರವಾಸಿಗರಿಗಿಂತ ಹೆಚ್ಚಿದೆ.

ಹಣವಿಲ್ಲ ಎಂದು ಹೇಳುವಂತೆಯೂ ಇಲ್ಲ. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ 500 ಕೋಟಿ ರೂಪಾಯಿಯ ಹೃದಯ್ ಯೋಜನೆಯನ್ನು ಆರಂಭಿಸಿದಾಗ ದೇಶದಲ್ಲಿ ಆರಿಸಿದ 12 ಪಾರಂಪರಿಕ ನಗರಗಳಲ್ಲಿ ವಾರಾಣಸಿ, ಪುರಿ, ಅಮೃತಸರ, ಕಾಂಚೀಪುರಗಳ ಸಾಲಿನಲ್ಲಿ ಕರ್ನಾಟಕದಿಂದ ಬಾದಾಮಿ ಒಂದೇ ಇತ್ತು. 2019ರ ಮಾರ್ಚ್‌ನಲ್ಲಿ ಆ ಯೋಜನೆ ಮುಗಿಯಿತು. ಇಂಥ ಯೋಜನೆಗಳು ಸಾಮಾನ್ಯವಾಗಿ ಕಲ್ಲುಹಾಸು, ದೀಪದ ಕಂಬ, ಉದ್ಯಾನ, ಪ್ರವೇಶದ್ವಾರಗಳನ್ನು ಕಟ್ಟುತ್ತವೆ. ಅವು ಬೇಕು, ಆದರೆ ಅವುಗಳ ಗುತ್ತಿಗೆ ಹಣ ಹೊರಗಿನ ಗುತ್ತಿಗೆದಾರರಿಗೆ ಹೋಗಿ ಮುಗಿಯುತ್ತದೆ. ದಿನವೂ ಊರಿಗೆ ಹಣ ತರುವ ಬುಟ್ಟಿ, ತಳ್ಳುಗಾಡಿ, ಮಗ್ಗಗಳ ಅಗತ್ಯವನ್ನು ಮೊದಲು ಕೇಳಿ ಆಮೇಲೆ ನಕ್ಷೆ ಹಾಕಿದ್ದರೆ ಫಲ ಹೆಚ್ಚಾಗುತ್ತಿತ್ತು.

ಸ್ಮಾರಕದ ಪಕ್ಕದಲ್ಲಿ ಬದುಕುವವರು ಪರಂಪರೆಗಾಗಿ ತೆರುವ ಬೆಲೆಯೂ ಇದೇ ಲೆಕ್ಕದಲ್ಲಿ ಬರಬೇಕು. 2010ರಲ್ಲಿ ತಿದ್ದುಪಡಿಯಾದ ಸ್ಮಾರಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಪಡೆಯಬೇಕು. ಐಹೊಳೆಯಂಥ ಊರಿನಲ್ಲಿ, ಗುಡಿಗೂ ಮನೆಗೂ ನಡುವೆ ಗೋಡೆಯಷ್ಟೇ ಅಂತರವಿರುವಲ್ಲಿ, ಇದರ ಅರ್ಥ ಮಗನ ಮದುವೆಗೆ ಮುನ್ನ ಮನೆಗೆ ಒಂದು ಕೋಣೆ ಸೇರಿಸುವುದೂ ಕಷ್ಟ ಎಂದು. ಸ್ಥಳಾಂತರದ ಮಾತು ದಶಕಗಳಿಂದ ನಡೆಯುತ್ತಲೇ ಇದೆ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರಿನಿಂದ ಮಲಪ್ರಭೆ ಉಕ್ಕಿ ಪಟ್ಟದಕಲ್ಲು ಮತ್ತು ಐಹೊಳೆಗಳಿಗೆ ನುಗ್ಗಿದಾಗ, ಪತ್ರಿಕೆಗಳ ಮುಖಪುಟದಲ್ಲಿ ನೀರಿನಲ್ಲಿ ನಿಂತ ವಿರೂಪಾಕ್ಷ ಗುಡಿಯ ಚಿತ್ರ ಬಂದಿತ್ತು. ನೀರು ಇಳಿದ ಮೇಲೆ ಕಲ್ಲಿನ ಗುಡಿ ಹಾಗೆಯೇ ಉಳಿಯಿತು. ಅದರ ನೆರೆಯ ಮಣ್ಣಿನ ಮನೆಗಳಿಗೆ ಆ ಭಾಗ್ಯವಿರಲಿಲ್ಲ. ನಿರ್ಬಂಧವನ್ನು ಸಡಿಲಿಸಿ ಎಂದು ನಾನು ಹೇಳುತ್ತಿಲ್ಲ. ಐಹೊಳೆಯ ಗುಡಿಗಳು ಹಾಳಾದರೆ ಮತ್ತೆ ಕಟ್ಟಲಾಗದು. ನಿರ್ಬಂಧ ಹೊತ್ತವರಿಗೆ ಆದಾಯದಲ್ಲಿ ಮೊದಲ ಹಕ್ಕು ಸಿಗಬೇಕು ಎಂಬುದಷ್ಟೇ ನನ್ನ ವಾದ. ಟಿಕೆಟ್ ಹಣದ ಒಂದು ಸಣ್ಣ ಪಾಲು ಕಾನೂನುಬದ್ಧವಾಗಿ ಆಯಾ ಪಂಚಾಯಿತಿಗೆ ಸೇರುವಂತಾದರೆ ಸ್ಮಾರಕವನ್ನು ಊರವರೇ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ.

ಬಟ್ಟೆಯ ವಿಷಯದಲ್ಲೂ ಇದೇ ಮಾತು ಹೊಂದುತ್ತದೆ. ಬಾದಾಮಿಯ ಸಮೀಪದ ಗುಳೇದಗುಡ್ಡದ ಖಣ ಎಂಬ ಕುಪ್ಪಸದ ಬಟ್ಟೆ, ಹುನಗುಂದದಾಚೆಯ ಇಳಕಲ್ ಸೀರೆ, ಎರಡೂ ಭೌಗೋಳಿಕ ಗುರುತು ಪಡೆದ ನೇಯ್ಗೆಗಳು. ಇಳಕಲ್ ಸೀರೆಯ ಒಡಲಿನ ಎಳೆಗಳಿಗೆ ಟೋಪ್ ತೆನಿ ಎಂಬ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದನ್ನು ಮಗ್ಗದ ಬಳಿ ನಿಂತು ನೋಡಿದವರು ಬೆಲೆಯಲ್ಲಿ ಚೌಕಾಸಿ ಮಾಡಲಾರರು. ಆದರೆ ಮೇಣಬಸದಿಯ ಕೆಳಗಿನ ಅಂಗಡಿಗಳಲ್ಲಿ ನನಗೆ ಹೆಚ್ಚಾಗಿ ಕಂಡದ್ದು ಎಲ್ಲ ಊರುಗಳಲ್ಲೂ ಸಿಗುವ ಪ್ಲಾಸ್ಟಿಕ್ ಆಟಿಕೆ ಮತ್ತು ಮುದ್ರಿತ ಟೀ ಶರ್ಟು. ಖಣದ ತುಂಡೊಂದನ್ನು ಕೊಳ್ಳಬೇಕೆಂದರೆ ಗುಳೇದಗುಡ್ಡದವರೆಗೆ ಹೋಗುವುದೇ ಲೇಸು. ಮಗ್ಗದ ಮನೆಯಲ್ಲೇ ಕೊಂಡರೆ ನಡುವಿನವರ ಪಾಲೂ ನೇಕಾರರಿಗೇ ಉಳಿಯುತ್ತದೆ.

ಕಲಬುರಗಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಜೋಳದ ರೊಟ್ಟಿಗೆ "ಕಲಬುರಗಿ ರೊಟ್ಟಿ" ಎಂಬ ಹೆಸರು ಕೊಟ್ಟು ಪೊಟ್ಟಣದಲ್ಲಿ ಮಾರುವ ಪ್ರಯತ್ನ ನಡೆದಿದೆ. ಬನಶಂಕರಿಯಲ್ಲೂ ಖಡಕ್ ರೊಟ್ಟಿ ಮತ್ತು ಹಿಂಡಿಗೆ ಹಾಗೆ ಮಾಡಬಹುದು, ಊಟ ಮುಗಿಸಿದ ಮೇಲೆ ಮನೆಗೆ ಒಯ್ಯಲು ಕೇಳುವವರು ಬಹಳ ಮಂದಿ. ಬುಟ್ಟಿಯ ಊಟವನ್ನು ಮಾತ್ರ ಟೆಂಡರ್ ಕರೆದು ಒಬ್ಬರ ಕೈಗೆ ಕೊಟ್ಟು ಫುಡ್ ಕೋರ್ಟ್ ಮಾಡುವ ಯೋಚನೆ ಯಾರಿಗೂ ಬಾರದಿರಲಿ. ಇಲ್ಲಿ ಪ್ರತಿ ಹೆಂಗಸೂ ತನ್ನ ವ್ಯಾಪಾರಕ್ಕೆ ತಾನೇ ಯಜಮಾನಿ. ಟೆಂಡರ್ ಆದ ಮರುದಿನ ಅವಳು ಅದೇ ರೊಟ್ಟಿಯನ್ನು ದಿನಗೂಲಿಗೆ ಬಡಿಯಬೇಕಾಗುತ್ತದೆ.

ಬಾದಾಮಿಯಲ್ಲಿ ಕಲ್ಲುಬಂಡೆ ಹತ್ತಲು ಬರುವ ಆರೋಹಿಗಳ ರೂಢಿಯಿಂದ ಉಳಿದ ಪ್ರವಾಸಿಗರು ಕಲಿಯಬೇಕಾದದ್ದಿದೆ. ಅವರು ಕೆಂಪು ಮರಳುಗಲ್ಲಿನ ಗೋಡೆಗಳಿಗಾಗಿ ಬಂದು ದಿನಗಟ್ಟಲೆ ಉಳಿಯುತ್ತಾರೆ, ಊರಿನಲ್ಲಿ ಸಣ್ಣ ಕೋಣೆ ಹಿಡಿಯುತ್ತಾರೆ, ಖಾನಾವಳಿಯಲ್ಲಿ ಉಣ್ಣುತ್ತಾರೆ, ಬಾಡಿಗೆಗೆ ಗಾಡಿ ಪಡೆಯುತ್ತಾರೆ. ಕಡಿಮೆ ಖರ್ಚಿನವರು ಎಂದು ಅವರನ್ನು ಕಡೆಗಣಿಸುವುದುಂಟು, ಆದರೆ ಅವರ ಸಣ್ಣ ಖರ್ಚು ದಿನವೂ ಊರಿನವರ ಕೈಗೇ ಬೀಳುತ್ತದೆ. ಒಂದೇ ದಿನದಲ್ಲಿ ಮೂರು ತಾಣ ಮುಗಿಸುವ ಕಾರಿನವರು ಒಂದು ರಾತ್ರಿ ಬಾದಾಮಿಯಲ್ಲಿ ತಂಗಿದರೂ ಲೆಕ್ಕ ಬದಲಾಗುತ್ತದೆ.

ಹೋಗುವವರಿಗೆ ಕೆಲವು ಮಾತು. ಅಕ್ಟೋಬರ್‌ನಿಂದ ಫೆಬ್ರುವರಿವರೆಗಿನ ಕಾಲ ಒಳ್ಳೆಯದು, ಏಪ್ರಿಲ್ ಮೇ ತಿಂಗಳುಗಳಲ್ಲಿ ಬಂಡೆ ಕಾದು ನಡೆಯಲಾಗುವುದಿಲ್ಲ. ಹುಬ್ಬಳ್ಳಿಯಿಂದ ಬಾದಾಮಿಗೆ ಬಸ್ಸು, ರೈಲು ಎರಡೂ ಇವೆ. ರೈಲು ನಿಲ್ದಾಣ ಊರಿನಿಂದ ಕೆಲವು ಕಿಲೋಮೀಟರ್ ದೂರ, ಅಲ್ಲಿಂದ ಆಟೊ ಹಿಡಿಯಬೇಕು. ಬೆಳಗ್ಗೆ ಬಿಸಿಲೇರುವ ಮೊದಲು ಮೇಣಬಸದಿಗಳನ್ನು ನೋಡಿ, ಮೂರನೆಯ ಬಸದಿಯಲ್ಲಿ ಮಂಗಳೇಶನ 578ರ ಶಾಸನದ ಮುಂದೆ ನಿಧಾನವಾಗಿ ನಿಂತು, ಮಧ್ಯಾಹ್ನ 12ರಿಂದ 2ರ ನಡುವೆ ಬನಶಂಕರಿಗೆ ಬಂದರೆ ರೊಟ್ಟಿಯೂ ಮೆತ್ತಗಿರುತ್ತದೆ, ಎಣ್ಣೆಗಾಯಿಯೂ ಮುಗಿದಿರುವುದಿಲ್ಲ. ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಯ ದಿನ ಗದ್ದಲ ಹೆಚ್ಚು, ಆದರೆ ಬುಟ್ಟಿಗಳೂ ಹೆಚ್ಚು. ಕೂರುವ ಮೊದಲು ದರ ಕೇಳಿ, ಚಿಲ್ಲರೆ ಇಟ್ಟುಕೊಳ್ಳಿ, ಮನೆಯಿಂದ ತಟ್ಟೆ ಲೋಟ ಒಯ್ದರೆ ಕಸವೂ ಕಡಿಮೆಯಾಗುತ್ತದೆ. ಕೋತಿಗಳಿರುವುದರಿಂದ ರೊಟ್ಟಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು ತಿರುಗಬೇಡಿ, ಚೀಲದೊಳಗೆ ಇಡಿ. ಅರ್ಧ ರೊಟ್ಟಿ ಸಾಕು ಎನಿಸಿದರೆ ಮೊದಲೇ ಗಟ್ಟಿಯಾಗಿ ಹೇಳಿ.